ಜೋಳದ ಬೇರಿನ ಹಳದಿ ಹನಿ: ಸಸ್ಯರಸಾಯನದಿಂದ ಕಳೆ ಹತೋಟಿ ಕುರಿತ ಒಂದು ಟಿಪ್ಪಣಿ

ಗಾಜಿನ ತಟ್ಟೆಯಲ್ಲಿ ಶೋಧಕ ಕಾಗದ ಹಾಸಿ, ಒದ್ದೆ ಮಾಡಿ, ಮೇಲೆ ಹತ್ತು ಕಾಳು ಜೋಳ ಇಟ್ಟು ಮುಚ್ಚಿ, ಬೆಚ್ಚಗಿನ ಕತ್ತಲೆಯಲ್ಲಿ ಬಿಡಬೇಕು. ಐದಾರು ದಿನಕ್ಕೆ ಬೇರು ಬೆರಳುದ್ದ ಬಂದಿರುತ್ತದೆ. ಅದರ ಮೈಮೇಲೆ ಬಿಳಿ ನವಿರು ಎದ್ದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಆ ಬೇರುಗೂದಲುಗಳ ತುದಿಯಲ್ಲಿ ಹೊಂಬಣ್ಣದ ಸಣ್ಣ ಹನಿಗಳು ಕಾಣುತ್ತವೆ. ಅವು ನೀರ ಹನಿಗಳಲ್ಲ, ಎಣ್ಣೆಯಂಥವು, ನೀರಿನಲ್ಲಿ ಕರಗುವುದಿಲ್ಲ. ಮೊದಲ ಸಲ ಮಾಡಿದಾಗ ನಾನು ನೀರು ಹೆಚ್ಚು ಸುರಿದು ಕೆಡಿಸಿಕೊಂಡೆ. ಬೇರು ಬಂತಾದರೂ ನವಿರು ಏಳಲಿಲ್ಲ, ಹನಿಯಂತೂ ಒಂದೂ ಕಾಣಲಿಲ್ಲ. ಕಾಗದ ತೇವವಾಗಿದ್ದರೆ ಸಾಕು, ಕಾಳು ನೀರಲ್ಲಿ ತೇಲಬಾರದು ಎಂಬುದು ಎರಡನೆಯ ಸಲಕ್ಕೆ ತಿಳಿಯಿತು. ಈ ಸಣ್ಣ ತಪ್ಪು ಮುಂದೆ ಬರುವ ಮಾತಿಗೂ ಬೇಕಾಗುತ್ತದೆ.

ಆ ಹನಿಯಲ್ಲಿ ಇರುವುದು ಬಹುಪಾಲು ಸೋರ್ಗೋಲಿಯೋನ್ ಎಂಬ ವಸ್ತು. ಅದು ಸಸ್ಯವೇ ತಯಾರಿಸುವ ಕಳೆನಾಶಕ ಎಂಬುದು ಈಗ ಗಟ್ಟಿಯಾಗಿ ನಿಂತ ಸಂಗತಿ. ಈ ಸಂಗತಿಯ ಆಧಾರದ ಮೇಲೆ ‘ಜೋಳದ ನೀರು ಸಿಂಪಡಿಸಿ, ಕಳೆ ಸಾಯುತ್ತದೆ’ ಎಂಬ ಸಲಹೆ ಕೃಷಿ ಬರಹಗಳಲ್ಲಿ ಓಡಾಡುತ್ತಿದೆ. ಎರಡರ ನಡುವೆ ಒಂದು ಹಳ್ಳವಿದೆ. ಬೇರಿನ ಹನಿಯೇ ಬೇರೆ, ದಂಟು ನೆನೆಸಿದ ನೀರೇ ಬೇರೆ. ಎರಡನ್ನೂ ‘ಜೋಳದ ರಾಸಾಯನಿಕ ಗುಣ’ ಎಂಬ ಒಂದೇ ಚೀಲಕ್ಕೆ ತುಂಬಿರುವುದರಿಂದ ಹೊಲದ ಫಲಿತಾಂಶಗಳನ್ನು ಓದುವಾಗ ಗೊಂದಲವಾಗುತ್ತಿದೆ. ಅದನ್ನು ಬಿಡಿಸಿ ನೋಡುವುದಷ್ಟೇ ಈ ಟಿಪ್ಪಣಿಯ ಕೆಲಸ.

ಒಂದು ಗಿಡ ಇನ್ನೊಂದರ ಮೇಲೆ ರಾಸಾಯನಿಕದ ಮೂಲಕ ಬೀರುವ ಪ್ರಭಾವಕ್ಕೆ ‘ಅಲಿಲೋಪಥಿ’ ಎಂದು ಹೆಸರಿಟ್ಟವರು ವಿಯೆನ್ನಾದ ಸಸ್ಯಶಾಸ್ತ್ರಜ್ಞ ಹಾನ್ಸ್ ಮೋಲಿಷ್, 1937ರ ತಮ್ಮ ಪುಸ್ತಕದಲ್ಲಿ. ಪರಸ್ಪರ, ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಹೆಸರು. ಕಳೆವಿಜ್ಞಾನಿಗಳು ಗೌರವದಿಂದ ಉಲ್ಲೇಖಿಸುವ ಆ ಪುಸ್ತಕದಲ್ಲಿ ಹೆಚ್ಚಿನ ಭಾಗ ಇರುವುದು ಕಳೆಯ ಮಾತಲ್ಲ, ಮಾಗಿದ ಸೇಬು ಬಿಡುವ ಎಥಿಲೀನ್ ಅನಿಲ ಇತರ ಗಿಡಗಳಿಗೆ ಏನು ಮಾಡುತ್ತದೆ ಎಂಬ ಮಾತು. ಹೆಸರು ಹೊಸದಾದರೂ ಗಮನ ಹಳೆಯದು. ಕ್ರಿ.ಪೂ. 300ರ ಸುಮಾರಿನ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸ್, ಕಡಲೆ ಬೆಳೆ ಕಳೆಗಳನ್ನು ಕೊಲ್ಲುತ್ತದೆ, ಎಲ್ಲಕ್ಕಿಂತ ಮೊದಲು ನೆಗ್ಗಿಲನ್ನು ಕೊಲ್ಲುತ್ತದೆ ಎಂದು ಬರೆದಿಟ್ಟಿದ್ದಾನೆ. ಹಿಂಗಾರಿ ಕಡಲೆಯ ಹೊಲದಲ್ಲಿ ಇಬ್ಬನಿಯ ಹೊತ್ತು ಬಟ್ಟೆ ಹಾಸಿ ಹುಳಿ ಹಿಂಡಿಕೊಂಡವರಿಗೆ ಗಿಡದ ಮೈಯಿಂದ ರಾಸಾಯನಿಕ ಹೊರಬರುತ್ತದೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಆದರೆ ಹೊರಬರುತ್ತದೆ ಎನ್ನುವುದಕ್ಕೂ ಪಕ್ಕದ ಗಿಡವನ್ನು ಕೊಲ್ಲುತ್ತದೆ ಎನ್ನುವುದಕ್ಕೂ ದೂರ ಬಹಳ.

ಈಗ ಹನಿಯ ವಿಷಯ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನೆಟ್ಜ್ಲಿ ಮತ್ತು ಬಟ್ಲರ್ 1986ರಲ್ಲಿ ಜೋಳದ ಬೇರು ಎಣ್ಣೆಯಂಥ ಹನಿಗಳನ್ನು ಒಸರುತ್ತದೆ, ಅದರಲ್ಲಿ ಇತರ ಸಸಿಗಳ ಬೆಳವಣಿಗೆ ತಡೆಯುವ ವಸ್ತುವಿದೆ ಎಂದು ತೋರಿಸಿದರು. ಒಂದು ಕ್ವಿನೋನ್ ಉಂಗುರಕ್ಕೆ ಹದಿನೈದು ಇಂಗಾಲದ ಉದ್ದ ಬಾಲ ಅಂಟಿಕೊಂಡಿರುವುದು ಅದರ ರಚನೆ. ಆ ಬಾಲದಿಂದಾಗಿಯೇ ಅದು ನೀರಿಗೆ ಒಗ್ಗುವುದಿಲ್ಲ. ತಳಿಯಿಂದ ತಳಿಗೆ ಅದರ ಪ್ರಮಾಣ ವಿಪರೀತ ವ್ಯತ್ಯಾಸವಾಗುತ್ತದೆ ಎಂಬುದೂ ಬೇಗನೆ ಗೊತ್ತಾಯಿತು. ನಂತರದ ಎರಡು ದಶಕಗಳಲ್ಲಿ ಮಿಸಿಸಿಪ್ಪಿಯ ಆಕ್ಸ್‌ಫರ್ಡಿನಲ್ಲಿರುವ ಅಮೆರಿಕ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಫ್ರಾಂಕ್ ದಯಾನ್, ಸ್ಕಾಟ್ ಬೇರ್ಸನ್, ಸ್ಟೀಫನ್ ಡ್ಯೂಕ್ ಮೊದಲಾದವರು ಈ ವಸ್ತು ಬೇರುಗೂದಲಿನ ಜೀವಕೋಶದಲ್ಲಷ್ಟೇ ತಯಾರಾಗುತ್ತದೆ ಎಂಬುದನ್ನೂ, ಅದಕ್ಕೆ ಬೇಕಾದ ಕಿಣ್ವಗಳ ವಂಶವಾಹಿಗಳನ್ನೂ ಒಂದೊಂದಾಗಿ ಗುರುತಿಸಿದರು. ಬೇರುಗೂದಲು ಇಲ್ಲದಿದ್ದರೆ ಸೋರ್ಗೋಲಿಯೋನ್ ಇಲ್ಲ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಅದಕ್ಕೆ ಹಿತ. ನೀರು ನಿಂತರೆ ಅಹಿತ. ನನ್ನ ಗಾಜಿನ ತಟ್ಟೆಯಲ್ಲಿ ಆದದ್ದು ಅದೇ. ಹೊಲದಲ್ಲಿಯೂ ಜೌಗು ಹಿಡಿದ ಮಡಿಯ ಜೋಳ ಹೀಗೆಯೇ ನಡೆದುಕೊಂಡೀತು ಎಂದು ಊಹಿಸಲು ಅಡ್ಡಿಯಿಲ್ಲ.

ಅದು ಕೊಲ್ಲುವ ಬಗೆ ಸ್ವಾರಸ್ಯದ್ದು. ಎಲೆಯ ಹರಿತ್ತಿನಲ್ಲಿ ಬೆಳಕು ಬಿದ್ದಾಗ ಚಿಮ್ಮುವ ಎಲೆಕ್ಟ್ರಾನನ್ನು ಮುಂದಕ್ಕೆ ಒಯ್ಯಲು ಪ್ಲಾಸ್ಟೋಕ್ವಿನೋನ್ ಎಂಬ ವಾಹಕವಿದೆ. ಅದು ಒಂದು ಪ್ರೋಟೀನಿನ ಕುಳಿಯಲ್ಲಿ ಬಂದು ಕೂತು, ಎಲೆಕ್ಟ್ರಾನ್ ಪಡೆದು, ಎದ್ದು ಹೋಗಬೇಕು. ಸೋರ್ಗೋಲಿಯೋನ್ ಆ ವಾಹಕದ ರೂಪವನ್ನೇ ಹೋಲುತ್ತದೆ; ಬಂದು ಅದೇ ಕುಳಿಯಲ್ಲಿ ಕೂರುತ್ತದೆ, ಏಳುವುದಿಲ್ಲ. ಬೆಳಕಿನ ಕೆಲಸ ಅಲ್ಲಿಗೆ ನಿಂತು ಸಸಿ ಬಿಳಿಚಿ ಸಾಯುತ್ತದೆ. ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ ಅಟ್ರಾಜಿನ್ ಕೂರುವುದೂ ಇದೇ ಕುಳಿಯಲ್ಲಿ, ಡೈಯುರಾನ್ ಕೂರುವುದೂ ಅಲ್ಲೇ. ಬಿಡಿಸಿ ತೆಗೆದ ಹರಿತ್ಕಣಗಳ ಮೇಲೆ ಪ್ರಯೋಗಿಸಿದಾಗ ಸೋರ್ಗೋಲಿಯೋನ್ ಈ ಕಾರ್ಖಾನೆಯ ಸರಕಿಗಿಂತ ದುರ್ಬಲವಲ್ಲ.

ಇಲ್ಲಿ ಯಾರಿಗಾದರೂ ಬರಬೇಕಾದ ಪ್ರಶ್ನೆಯೊಂದಿದೆ: ಬೇರಿನಲ್ಲಿ ಹುಟ್ಟಿ, ನೀರಿನಲ್ಲಿ ಕರಗದೆ, ಮಣ್ಣಿಗೆ ಅಂಟಿಕೊಂಡು ಕೂರುವ ವಸ್ತು ಪಕ್ಕದ ಗಿಡದ ಎಲೆಗೆ ಏರುವುದು ಹೇಗೆ? ಈ ಅನುಮಾನ ಬಹಳ ಕಾಲ ಇತ್ತು. 2009ರಲ್ಲಿ ದಯಾನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು, ಅರ್ಧ ಹೌದು, ಅರ್ಧ ಅಲ್ಲ ಎಂಬಂಥ ಉತ್ತರ. ಈಗಷ್ಟೇ ಮೊಳೆತು ಮಣ್ಣನ್ನು ಸೀಳಿಕೊಂಡು ಮೇಲೇಳುವ ಪುಟ್ಟ ಸಸಿ ತನ್ನ ಎಳೆ ಕಾಂಡ, ಬೀಜದಳಗಳ ಮೂಲಕವೇ ಅದನ್ನು ಹೀರಿಕೊಳ್ಳುತ್ತದೆ, ಅದರ ದ್ಯುತಿಸಂಶ್ಲೇಷಣೆ ಕೆಡುತ್ತದೆ. ಸ್ವಲ್ಪ ಬಲಿತ ಗಿಡದಲ್ಲಿ ಮಾತ್ರ ಬೇರಿಗೆ ತಾಗಿದ್ದು ಎಲೆಗೆ ಸಾಗುವುದಿಲ್ಲ. ಆ ಗಿಡದ ದ್ಯುತಿಸಂಶ್ಲೇಷಣೆಗೆ ಏನೂ ಆಗುವುದಿಲ್ಲ.

ಈ ಒಂದು ವಿವರ ಹೊಲದ ಅರ್ಧ ಕತೆಯನ್ನು ಹೇಳಿಬಿಡುತ್ತದೆ. ಸೋರ್ಗೋಲಿಯೋನಿನ ಬೇಟೆ ಸಣ್ಣ ಬೀಜದ, ಮೇಲ್ಮಣ್ಣಿನಲ್ಲಿ ಮೊಳೆಯುವ ಕಳೆ. ಗಡ್ಡೆಯಿಂದ ಏಳುವ ಜೇಕು, ಗಿಣ್ಣಿನಿಂದ ಏಳುವ ಕರಿಕೆ ತಾಯಿಗಂಟಿನ ದುಡ್ಡಿನಲ್ಲಿ ವ್ಯಾಪಾರ ಮಾಡುವವು; ಅವು ಈ ಹನಿಗೆ ಬಗ್ಗುತ್ತವೆ ಎಂದು ನಿರೀಕ್ಷಿಸಲು ಕಾರಣವಿಲ್ಲ. ಮಿಷಿಗನ್‌ನಲ್ಲಿ ಪುಟ್ನಮ್ ಮತ್ತು ಡಿಫ್ರಾಂಕ್ 1983ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಇದೇ ದಿಕ್ಕಿನವು. ಜೋಳ ಬೆಳೆದು ಅದರ ಉಳಿಕೆಯನ್ನು ನೆಲದ ಮೇಲೆ ಬಿಟ್ಟಾಗ ಗೋಣಿಸೊಪ್ಪಿನಂಥ ಸಣ್ಣ ಬೀಜದ ಕಳೆಗಳು ತೀರ ಕಡಿಮೆಯಾದವು. ಬಟಾಣಿಯಂಥ ದಪ್ಪ ಕಾಳಿನ ಬೆಳೆಗಳು ಅದೇ ಜಾಗದಲ್ಲಿ ಚೆನ್ನಾಗಿ ಬಂದವು, ಸಣ್ಣ ಬೀಜದ ತರಕಾರಿಗಳು ಏಟು ತಿಂದವು. ಗೋಣಿಸೊಪ್ಪನ್ನು ಕಳೆ ಎನ್ನಲು ನಮ್ಮಲ್ಲಿ ಅನೇಕರಿಗೆ ಮನಸ್ಸು ಬಾರದು. ಬೇಳೆ ಹಾಕಿ ಸಾರು ಮಾಡುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅದು ಹಾಗಿರಲಿ. ಕಳೆಯ ಬೀಜ, ಬೆಳೆಯ ಬೀಜ ಎಂದು ಜೋಳದ ಉಳಿಕೆಗೆ ಭೇದ ಗೊತ್ತಿಲ್ಲ, ಸಣ್ಣದು ದೊಡ್ಡದು ಎಂಬುದಷ್ಟೇ ಗೊತ್ತು. ಹಾಗಾಗಿ ಜೋಳ ತೆಗೆದ ಕೂಡಲೇ ಉಳ್ಳಾಗಡ್ಡಿ ಬೀಜ ಬಿತ್ತುವವರು ಎಚ್ಚರದಿಂದಿರಬೇಕು. ಕಡಲೆ, ತೊಗರಿಗೆ ಆ ಭಯ ಕಡಿಮೆ. ಈ ಕೊನೆಯ ಮಾತು ನನ್ನ ಅನುಮಾನ, ಪ್ರಯೋಗದ ಫಲವಲ್ಲ.

ಇನ್ನು ನೆನೆಸಿದ ನೀರು. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಚೀಮಾ ಮತ್ತು ಖಲೀಕ್ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಬಲಿತ ಜೋಳದ ದಂಟು, ಎಲೆಗಳನ್ನು ತುಂಡು ಮಾಡಿ ಹತ್ತು ಪಟ್ಟು ನೀರಿನಲ್ಲಿ ಒಂದು ದಿನ ನೆನೆಸಿ ಸೋಸಿದ ನೀರಿಗೆ ಅವರು ಇಟ್ಟ ಹೆಸರು ‘ಸೋರ್ಗಾಬ್’. ಪಂಜಾಬಿನ ಕೊನೆಯಲ್ಲಿರುವ ‘ಆಬ್’ ಇದೇ, ನೀರು ಎಂದರ್ಥ. 2000ನೇ ಇಸವಿಯಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಗೋಧಿಗೆ ಈ ನೀರು ಸಿಂಪಡಿಸಿದಾಗ ಕಳೆಯ ತೂಕ ಶೇ. 35ರಿಂದ 49ರಷ್ಟು ಇಳಿಯಿತು, ಇಳುವರಿ ಶೇ. 10ರಿಂದ 21ರಷ್ಟು ಏರಿತು. ಅದೇ ಗುಂಪು ಮುಂದೆ ಈ ನೀರನ್ನು ಕಡಿಮೆ ಪ್ರಮಾಣದ ಕಳೆನಾಶಕದ ಜೊತೆ ಬೆರೆಸಿ, ಔಷಧದ ಖರ್ಚು ಇಳಿಸುವ ದಾರಿಯನ್ನೂ ಹುಡುಕಿತು. ಇದು ಗಂಭೀರವಾದ ಕೆಲಸ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಆದರೆ ಆ ನೀರಿನಲ್ಲಿ ಸೋರ್ಗೋಲಿಯೋನ್ ಇರಲು ಸಾಧ್ಯವಿಲ್ಲ. ಅದು ಇರುವುದು ಬೇರಿನಲ್ಲಿ, ನೆನೆಸಿದ್ದು ದಂಟು. ಅದು ನೀರಲ್ಲಿ ಕರಗದ್ದು, ನೆನೆಸಿದ್ದು ನೀರಿನಲ್ಲಿ. ಸೋರ್ಗಾಬಿನಲ್ಲಿ ಇರುವುದು ಜೋಳದ ಹಸಿರು ಭಾಗದ ಫೀನಾಲಿಕ್ ಆಮ್ಲಗಳು ಮತ್ತು ಅಂಥವೇ ನೀರಲ್ಲಿ ಕರಗುವ ಇತರ ವಸ್ತುಗಳು. ಅವುಗಳಲ್ಲಿ ಯಾವೊಂದಕ್ಕೂ ಅಟ್ರಾಜಿನ್‌ನ ಕುಳಿಯಲ್ಲಿ ಕೂರುವ ಶಕ್ತಿ ಇಲ್ಲ. ಹತ್ತಾರು ದುರ್ಬಲ ವಸ್ತುಗಳು ಕೂಡಿ ಬೆಳವಣಿಗೆಗೆ ಅಡ್ಡಿಮಾಡುತ್ತವೆ. ಬೇರಿನ ಹನಿಗೆ ಸಿಕ್ಕ ಪ್ರಯೋಗಾಲಯದ ಕೀರ್ತಿಯನ್ನು ದಂಟಿನ ನೀರಿಗೆ ಹಚ್ಚಿ ಬರೆಯುವುದು ಅಪ್ಪನ ಆಸ್ತಿಪತ್ರ ತೋರಿಸಿ ಚಿಕ್ಕಪ್ಪನ ಹೊಲಕ್ಕೆ ಸಾಲ ಎತ್ತಿದ ಹಾಗೆ. ಕಳೆ ಅರ್ಧಕ್ಕೆ ಇಳಿಯುವುದು ಒಳ್ಳೆಯದೇ, ಆದರೆ ಉಳಿದ ಅರ್ಧ ಬೀಜ ಉದುರಿಸಿದರೆ ಮರುವರ್ಷ ಲೆಕ್ಕ ಮೊದಲಿನಿಂದ ಶುರು.

ಇಂಥ ರಸಗಳ ಪರೀಕ್ಷೆಯಲ್ಲಿ ಒಂದು ದೋಷ ಪದೇ ಪದೇ ಕಾಣುತ್ತದೆ. ಗಿಡವನ್ನು ಅರೆದು, ಗಾಢವಾದ ರಸ ತೆಗೆದು, ಗಾಜಿನ ತಟ್ಟೆಯಲ್ಲಿ ಲೆಟ್ಯೂಸ್ ಬೀಜಕ್ಕೆ ಹಾಕಿ, ಮೊಳೆಯಲಿಲ್ಲವೆಂದರೆ ‘ಈ ಗಿಡ ಕಳೆ ಕೊಲ್ಲುತ್ತದೆ’ ಎಂದು ತೀರ್ಮಾನ ಬರೆಯುವುದು. ಗಾಢ ರಸದಲ್ಲಿ ಸಕ್ಕರೆ, ಲವಣಗಳು ತುಂಬಿದ್ದರೆ ಬೀಜಕ್ಕೆ ನೀರು ಹೀರುವುದೇ ಕಷ್ಟ. ಬರಿಯ ಸಕ್ಕರೆ ಪಾನಕದಲ್ಲಿಟ್ಟರೂ ಅದು ಮೊಳೆಯಲಿಕ್ಕಿಲ್ಲ. ಅದೇ ಒತ್ತಡದ ಬೇರೊಂದು ದ್ರಾವಣವನ್ನು ಪಕ್ಕದಲ್ಲಿಟ್ಟು ಹೋಲಿಸದಿದ್ದರೆ ಆ ಪ್ರಯೋಗಕ್ಕೆ ಬೆಲೆಯಿಲ್ಲ. ಕಾಗದದ ಬದಲು ಮಣ್ಣಿನಲ್ಲಿ ಮಾಡಿದರೆ ಅನೇಕ ಪರಿಣಾಮಗಳು ಮಾಯವಾಗುತ್ತವೆ. ಮಣ್ಣಿನ ಜೀವಾಣುಗಳು ಫೀನಾಲಿಕ್ ಆಮ್ಲಗಳನ್ನು ದಿನಗಳಲ್ಲಿ ತಿಂದು ಮುಗಿಸುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಅರೆದಾಗ ಹೊರಬಂದದ್ದು ಹೊಲದಲ್ಲಿ ತಾನಾಗಿ ಹೊರಬರುತ್ತದೆಯೇ ಎಂಬುದನ್ನು ಕೇಳಬೇಕು.

ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ನಮ್ಮಲ್ಲೇ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕಾಂಚನ್ ಮತ್ತು ಜಯಚಂದ್ರ 1979-80ರಲ್ಲಿ ಪಾರ್ಥೇನಿಯಂ ಕುರಿತು ಸಾಲಾಗಿ ಲೇಖನಗಳನ್ನು ಪ್ರಕಟಿಸಿದರು. ಅದೇ ನಾವೆಲ್ಲ ಕಾಂಗ್ರೆಸ್ ಗಿಡ ಎನ್ನುವ, 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು ದೇಶವನ್ನೆಲ್ಲ ಆವರಿಸಿದ ಕಳೆ. ಆ ಲೇಖನಗಳ ಶೀರ್ಷಿಕೆಗಳನ್ನು ನೋಡಿದರೇ ಯೋಚನೆಯ ಕ್ರಮ ತಿಳಿಯುತ್ತದೆ: ಒಂದರಲ್ಲಿ ಬೇರಿನಿಂದ ಒಸರುವುದು, ಇನ್ನೊಂದರಲ್ಲಿ ಮಳೆನೀರಿನೊಂದಿಗೆ ಎಲೆಯಿಂದ ಇಳಿಯುವುದು, ಮತ್ತೊಂದರಲ್ಲಿ ಆ ವಸ್ತುಗಳ ಗುರುತು. ಪಾರ್ಥೇನಿನ್ ಮತ್ತು ಹಲವು ಫೀನಾಲಿಕ್ ಆಮ್ಲಗಳು ಸಿಕ್ಕವು. ಅದರ ಪರಾಗ ಗಾಳಿಯಲ್ಲಿ ಬಂದು ಬೇರೆ ಬೆಳೆಗಳ ಶಲಾಕಾಗ್ರದ ಮೇಲೆ ಕೂತರೆ ಕಾಯಿ ಕಟ್ಟುವುದಕ್ಕೂ ತೊಡಕಾಗುತ್ತದೆ ಎಂಬುದನ್ನು ಅದೇ ಪ್ರಯೋಗಾಲಯ 1980ರಲ್ಲಿ ಹೇಳಿದಾಗ ಅದು ಹೊಸ ಮಾತಾಗಿತ್ತು. ಯಾವ ವಸ್ತು ಎಂಬುದಕ್ಕಿಂತ ಮೊದಲು ಯಾವ ದಾರಿ ಎಂದು ಕೇಳಿದ್ದು ಈ ಕೆಲಸದ ಹೆಚ್ಚುಗಾರಿಕೆ. ಪಾರ್ಥೇನಿಯಂ ರಸವನ್ನೇ ಕಳೆನಾಶಕವಾಗಿ ಬಳಸಿ ಎಂಬ ಸಲಹೆಯೂ ನಂತರದ ಬರಹಗಳಲ್ಲಿ ಬಂದಿದೆ. ಮುಟ್ಟಿದರೆ ಮೈಯೆಲ್ಲ ತುರಿಕೆ ಎಬ್ಬಿಸುವ ಗಿಡವನ್ನು ಬರಿಗೈಲಿ ಅರೆಯಿರಿ ಎಂದು ಹೇಳಲು ನನಗಂತೂ ಬಾಯಿ ಬಾರದು.

ದಾರಿಯನ್ನು ಸರಿಯಾಗಿ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಪ್ರಸಂಗ ಪಾಠದಂತಿದೆ. ಅಲ್ಲಿಯ ಗುಡ್ಡಗಳಲ್ಲಿ ಘಾಟು ವಾಸನೆಯ ಸಾಲ್ವಿಯಾ ಪೊದೆಗಳ ಸುತ್ತ ಒಂದೆರಡು ಮೀಟರ್ ಅಗಲಕ್ಕೆ ಹುಲ್ಲು ಬೆಳೆಯದ ಬೋಳು ಪಟ್ಟಿ ಇರುತ್ತಿತ್ತು. 1964ರಲ್ಲಿ ಕಾರ್ನೆಲಿಯಸ್ ಮುಲ್ಲರ್ ಮತ್ತು ಸಂಗಡಿಗರು ಪೊದೆಯಿಂದ ಹೊರಡುವ ಸುಗಂಧದ ಆವಿಯೇ ಹುಲ್ಲನ್ನು ತಡೆಯುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪ್ರಯೋಗಾಲಯದಲ್ಲಿ ಆ ಆವಿ ಮೊಳಕೆಯನ್ನು ತಡೆಯುವುದೂ ನಿಜವಾಗಿತ್ತು. 1970ರಲ್ಲಿ ಬಾರ್ಥೊಲೊಮ್ಯೂ ಅದೇ ಬೋಳು ಪಟ್ಟಿಯಲ್ಲಿ ತಂತಿಬಲೆಯ ಪಂಜರಗಳನ್ನು ನೆಟ್ಟರು. ಪಂಜರದೊಳಗೆ ಹುಲ್ಲು ಬಂತು. ಪೊದೆಯ ಮರೆಯಲ್ಲಿ ಅಡಗಿ, ಹದ್ದಿನ ಕಣ್ಣಿಗೆ ಬೀಳದಷ್ಟು ದೂರ ಮಾತ್ರ ಹೊರಬಂದು ಮೇಯುವ ಇಲಿ, ಮೊಲಗಳದ್ದೇ ಆ ಬೋಳಿನಲ್ಲಿ ದೊಡ್ಡ ಪಾತ್ರ. ಆವಿಯ ಪಾಲು ಒಂದಿಷ್ಟೂ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಣ್ಣಿಗೆ ಕಂಡ ಬೋಳಿಗೆ ಬಾಟಲಿಯ ವಿಷವೇ ಕಾರಣ ಎಂಬ ಆತುರ ಮಾತ್ರ ಬಿದ್ದುಹೋಯಿತು.

ಜೋಳಕ್ಕೂ ಇಂಥ ಇನ್ನೊಂದು ವಿವರಣೆ ಕಾದಿದೆ, ಅದು ಸಾರಜನಕ. ಜೋಳದ ಹಿಂದೆ ಬಿತ್ತಿದ ಬೆಳೆ ಸೊರಗುತ್ತದೆ ಎಂಬುದು ಒಣಬೇಸಾಯದ ರೈತರಿಗೆ ಎಲ್ಲ ಕಡೆ ಗೊತ್ತಿರುವ ಮಾತು. ಅಮೆರಿಕದ ಕೃಷಿವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ 1924ರಲ್ಲಿ ಬ್ರೀಝೀಲ್ ಅದನ್ನು ‘ಜೋಳದ ಹಾನಿಕರ ನಂತರದ ಪರಿಣಾಮ’ ಎಂದೇ ಹೆಸರಿಸಿ ಬರೆದರು. ಮೂರು ವರ್ಷಕ್ಕೆ, 1927ರಲ್ಲಿ, ಅದೇ ಪತ್ರಿಕೆಯಲ್ಲಿ ಕಾನ್ರಾಡ್ ಬೇರೆ ಕಾರಣ ಮುಂದಿಟ್ಟರು: ಜೋಳದ ಬೇರು, ಕೂಳೆಗಳಲ್ಲಿ ಸಕ್ಕರೆ ಹೆಚ್ಚು; ಅದನ್ನು ತಿನ್ನಲು ಮುಗಿಬಿದ್ದ ಜೀವಾಣುಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ, ಬೆಳೆಗೆ ಉಳಿಯುವುದಿಲ್ಲ. ಹಳದಿಗಟ್ಟಿದ ಪೈರಿಗೆ ವಿಷ ಕಾರಣವೋ ಹಸಿವು ಕಾರಣವೋ ಎಂಬ ಈ ವಾದಕ್ಕೆ ನೂರು ವರ್ಷವಾಯಿತು. ನಮ್ಮ ಎರೆಭೂಮಿಯಲ್ಲಿ ಮೂರನೆಯದೂ ಒಂದಿದೆ. ಹಿಂಗಾರಿ ಜೋಳ ಮಣ್ಣಿನೊಳಗಿನ ಹಸಿಯನ್ನೇ ನಂಬಿ ಬೆಳೆದು ಅದನ್ನು ಬಸಿದುಬಿಡುತ್ತದೆ. ಮುಂದಿನ ಬೆಳೆಗೆ ನೀರಡಿಕೆ. ಕಳೆ ಕಡಿಮೆಯಾದದ್ದಕ್ಕೂ ಈ ಮೂರೂ ಕಾರಣವಾಗಬಹುದು. ಸಾರಜನಕ ಕೊಟ್ಟ ತಾಕು, ಕೊಡದ ತಾಕು ಎರಡನ್ನೂ ಇಟ್ಟುಕೊಳ್ಳದ ಪ್ರಯೋಗದಿಂದ ಇವನ್ನು ಬೇರ್ಪಡಿಸಲಾಗದು.

ಮಾತನ್ನು ಇನ್ನಷ್ಟು ತೊಡಕಾಗಿಸುವ ಸಂಗತಿ: ಇದೇ ಸೋರ್ಗೋಲಿಯೋನ್ ಮಣ್ಣಿನಲ್ಲಿ ಅಮೋನಿಯಂ ನೈಟ್ರೇಟಾಗಿ ಬದಲಾಗುವುದನ್ನು ನಿಧಾನಿಸುತ್ತದೆ ಎಂದು ಜಪಾನಿನ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರದ ಸುಬ್ಬರಾವ್ ಮತ್ತು ಸಂಗಡಿಗರು ತೋರಿಸಿದ್ದಾರೆ. ವಿಷ, ಸಾರಜನಕ ಎಂಬ ಎರಡು ವಿವರಣೆಗಳು ಒಂದೇ ಹನಿಯಲ್ಲಿ ಕೂಡಿಕೊಂಡಿರುವ ಸಾಧ್ಯತೆ ಇದೆ ಎಂದಾಯಿತು.

ಬೇರು ಕಳೆಯನ್ನು ಕೊಲ್ಲುತ್ತದೆ ಎಂದು ಹೇಳಿ, ಅದೇ ಬೇರು ಕಳೆಯನ್ನು ಕರೆಯುತ್ತದೆ ಎಂಬುದನ್ನು ಬಿಟ್ಟರೆ ಟಿಪ್ಪಣಿ ಅರ್ಧವಾಗುತ್ತದೆ. ಜೋಳದ ಬೇರಿಗೆ ಬಾಯಿಟ್ಟು ಬದುಕುವ ಪರಾವಲಂಬಿ ಸ್ಟ್ರೈಗಾ ಉತ್ತರ ಕರ್ನಾಟಕದ ಜೋಳ ಬೆಳೆಗಾರರಿಗೆ ಹೊಸದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬಿಳಿ ಹೂ ಬಿಡುತ್ತದೆ. ಅದರ ಬೀಜ ದೂಳಿನಷ್ಟು ಸಣ್ಣದು, ಮಣ್ಣಿನಲ್ಲಿ ಹತ್ತು ವರ್ಷ ಮೀರಿಯೂ ಮಲಗಿರಬಲ್ಲದು. ಆಸರೆಯ ಬೇರು ಹತ್ತಿರ ಬಂದಿದೆ ಎಂಬ ರಾಸಾಯನಿಕ ಸುಳಿವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಆ ಸುಳಿವು ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುಗಳ ಗುಂಪು. ಸಸ್ಯ ಅದನ್ನು ಒಸರುವುದು ಕಳೆಗಾಗಿ ಅಲ್ಲ, ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರವನ್ನು ಕರೆಯಲು. 2005ರಲ್ಲಿ ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು ಇದನ್ನು ಕಂಡುಕೊಂಡರು. ನೆಂಟರಿಗೆ ಕೂಗಿದ್ದು ಕಳ್ಳನ ಕಿವಿಗೂ ಬಿತ್ತು.

ಇಲ್ಲಿಯೇ ಸಸ್ಯರಸಾಯನ ನಿಜವಾಗಿ ರೈತರ ಹೊಲಕ್ಕೆ ಇಳಿದಿರುವುದು. ಇಥಿಯೋಪಿಯಾ ಮೂಲದ ತಳಿವಿಜ್ಞಾನಿ ಗೆಬಿಸಾ ಎಜೆಟಾ ಪರ್ಡ್ಯೂನಲ್ಲಿ ಸ್ಟ್ರೈಗಾ ತಡೆಯುವ ಜೋಳದ ತಳಿಗಳನ್ನು ರೂಪಿಸಿ 2009ರ ವಿಶ್ವ ಆಹಾರ ಪ್ರಶಸ್ತಿ ಪಡೆದರು. ಅಂಥ ತಳಿಗಳಲ್ಲಿ ಕೆಲಸ ಮಾಡುವ ಒಂದು ವಂಶವಾಹಿ 2017ರಲ್ಲಿ ಬೆಳಕಿಗೆ ಬಂತು. ಅದು ಕಳೆದುಹೋದ ಜೋಳ ಸ್ಟ್ರೈಗಾವನ್ನು ಬಲವಾಗಿ ಎಬ್ಬಿಸುವ ಸ್ಟ್ರೈಗೋಲ್ಯಾಕ್ಟೋನಿನ ಬದಲು ಅಷ್ಟಾಗಿ ಎಬ್ಬಿಸದ ಇನ್ನೊಂದನ್ನು ಒಸರುತ್ತದೆ. ಈ ಗುಂಪಿನ ಮೊದಲ ವಸ್ತು 1966ರಲ್ಲಿ ಸಿಕ್ಕಿದ್ದು ಹತ್ತಿಯ ಬೇರಿನಿಂದ. ಹತ್ತಿ ಸ್ಟ್ರೈಗಾವನ್ನು ಎಬ್ಬಿಸುತ್ತದೆ, ಆದರೆ ಉಣ್ಣಲು ಬಿಡುವುದಿಲ್ಲ. ಎದ್ದ ಮೊಳಕೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಜೋಳ, ಹತ್ತಿ ಎಂದು ಹೊಲ ಬದಲಿಸುವ ಎರೆಸೀಮೆಯ ಪದ್ಧತಿಯಲ್ಲಿ ಈ ಲಾಭ ಎಷ್ಟೋ ಕಾಲದಿಂದ ಹೇಳದೆಯೇ ಸೇರಿಕೊಂಡಿದೆ.

ಕೀನ್ಯಾದ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರದ ಜಿಯಾವುರ್ ಖಾನ್ ಅವರ ಕೆಲಸ ಇದಕ್ಕಿಂತ ದೊಡ್ಡದು. ಕಾಂಡಕೊರಕ ಹುಳವನ್ನು ಓಡಿಸಲೆಂದು ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವನ್ನು ಬೆಳೆದಾಗ ಸ್ಟ್ರೈಗಾ ಕೂಡ ಕಾಣದಾಯಿತು. ಹುಳಕ್ಕೆ ಹಾಕಿದ ಬಲೆಗೆ ಕಳೆ ಬಿದ್ದಂತಾಯಿತು. ಹುಡುಕಿದಾಗ ಡೆಸ್ಮೋಡಿಯಂನ ಬೇರು ಸ್ಟ್ರೈಗಾ ಮೊಳೆಯುವಂತೆ ಮಾಡುವ ವಸ್ತುವನ್ನೂ, ಮೊಳೆತದ್ದು ಬೆಳೆಯದಂತೆ ತಡೆಯುವ ವಸ್ತುವನ್ನೂ ಒಟ್ಟಿಗೇ ಒಸರುತ್ತದೆ ಎಂದು ತಿಳಿಯಿತು. ಇದರಲ್ಲಿ ಯಾರೂ ಏನನ್ನೂ ನೆನೆಸಲಿಲ್ಲ, ಸೋಸಲಿಲ್ಲ, ಸಿಂಪಡಿಸಲಿಲ್ಲ. ಬೇರು ಇದ್ದಲ್ಲೇ ಇದ್ದು ಕೆಲಸ ಮಾಡಿತು, ಮೇಲಿನ ಸೊಪ್ಪು ದನಕ್ಕಾಯಿತು.

ಬೇರನ್ನು ಬಿಟ್ಟು ವಸ್ತುವನ್ನು ಹಿಡಿದು ಹೊರಟ ದಾರಿಯೂ ಇದೆ, ಅದು ಬೇರೆ ಊರಿಗೆ ಹೋಗುತ್ತದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಫರ್ ಕಂಪನಿಯ ವಿಜ್ಞಾನಿಯೊಬ್ಬರು ಬಾಟಲ್ ಬ್ರಷ್ ಗಿಡದ ಬುಡದಲ್ಲಿ ಕಳೆ ಕಡಿಮೆ ಇರುವುದನ್ನು ಗಮನಿಸಿದರು. ಬೆಂಗಳೂರಿನ ಉದ್ಯಾನಗಳಲ್ಲಿ ಕೆಂಪು ಕುಂಚದಂಥ ಹೂ ಬಿಡುವ ಗಿಡ ಅದೇ. ಸಿಕ್ಕ ವಸ್ತು ಲೆಪ್ಟೋಸ್ಪರ್ಮೋನ್. ತಾನಾಗಿ ಅದು ದುರ್ಬಲ. ಅದರ ರೂಪವನ್ನು ತಿದ್ದಿ ತಿದ್ದಿ 2001ರಲ್ಲಿ ಮೆಸೋಟ್ರಿಯೋನ್ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂತು. ಯೋಚನೆ ಗಿಡದ್ದು, ಸರಕು ಕಾರ್ಖಾನೆಯದು. ಸಾವಯವ ಕೃಷಿಕರಿಗೆ ಅದರಿಂದ ಉಪಯೋಗವಿಲ್ಲ. ಇನ್ನು ‘ನೈಸರ್ಗಿಕ ಕಳೆನಾಶಕ’ ಎಂದು ಫೋನಿನಿಂದ ಫೋನಿಗೆ ಓಡಾಡುವ ಉಪ್ಪು, ವಿನೆಗರ್ ಮಿಶ್ರಣದ ಬಗ್ಗೆ ಒಂದೇ ಮಾತು: ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಎರೆಮಣ್ಣು ಈ ಮೊದಲೇ ಹಲವೆಡೆ ಸವುಳಾಗಿದೆ, ಅದಕ್ಕೆ ಕೈಯಾರೆ ಉಪ್ಪು ಹಾಕಬೇಡಿ. ನೈಸರ್ಗಿಕವಾದದ್ದೆಲ್ಲ ಸೌಮ್ಯ ಎಂಬ ನಂಬಿಕೆಗೂ ಜೋಳವೇ ಉತ್ತರ ಕೊಡುತ್ತದೆ. ಮಳೆ ಕೈಕೊಟ್ಟು ಮುರುಟಿದ ಎಳೆ ಜೋಳಕ್ಕೆ, ಕೂಳೆಯ ಚಿಗುರಿಗೆ ದನ ಬಾಯಿ ಹಾಕಿದರೆ ಸತ್ತುಬೀಳುತ್ತದೆ. ಅದರ ಧುರಿನ್ ಎಂಬ ವಸ್ತು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ.

ಹಾಗಾದರೆ ವಿಜಯಪುರ, ಕಲಬುರಗಿ ಕಡೆಯ ಬಿಳಿಜೋಳದ ಹೊಲಕ್ಕೆ ಇದರಿಂದೇನು? ಹೊರದೇಶದ ಪುಸ್ತಕಗಳು ಕೊಡುವ ಮೊದಲ ಸಲಹೆ ಉಳಿಕೆಯನ್ನು ನೆಲದ ಮೇಲೆ ಹೊದಿಕೆಯಾಗಿ ಬಿಡಿ ಎಂಬುದು. ಅದು ಇಲ್ಲಿ ನಡೆಯದು. ಮಾಲದಂಡಿ ಜೋಳವನ್ನು ಇಂದಿಗೂ ಜನ ಬಿಡದಿರುವುದಕ್ಕೆ ಕಾಳಿನಷ್ಟೇ ಕಣಿಕೆಯೂ ಕಾರಣ. ಬಣವೆ ಒಟ್ಟುವ ಕಣಿಕೆಯನ್ನು ಕಳೆಯ ಮೇಲೆ ಹೊದಿಸಿ ಎಂದರೆ ಎತ್ತು ಕಟ್ಟಿದವರು ನಗುತ್ತಾರೆ, ನಗುವುದು ನ್ಯಾಯವೇ. ಜೊತೆಗೆ, ಮುಂಗಾರಿಯಲ್ಲಿ ಹೊಲವನ್ನು ಖಾಲಿ ಬಿಟ್ಟು ಕುಂಟೆ ಹೊಡೆದು ಹರಗಿ ಹರಗಿ ಕಳೆಯನ್ನು ಬಿತ್ತುವ ಮೊದಲೇ ತೀರಿಸುವ ಪದ್ಧತಿ ಇಲ್ಲಿಯದು. ದಂಟಿನ ನೀರಿಗೂ ಕಣಿಕೆಯೇ ಬೇಕು. ಉಳಿಯುವುದು ಬೇರು. ಸೋರ್ಗೋಲಿಯೋನ್ ಹೆಚ್ಚು ಒಸರುವ ತಳಿಯನ್ನು ಆರಿಸಿ ಬೆಳೆಸುವುದು ತಳಿವಿಜ್ಞಾನಕ್ಕೆ ನಿಲುಕದ್ದಲ್ಲ, ಏಕೆಂದರೆ ತಳಿಗಳ ನಡುವೆ ಅಂತರ ದೊಡ್ಡದು. ಅದು ಸ್ಟ್ರೈಗೋಲ್ಯಾಕ್ಟೋನಿನಿಂದ ಬೇರೆಯೇ ದಾರಿಯಲ್ಲಿ ತಯಾರಾಗುವುದರಿಂದ, ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿದ ಜೋಳ ಕಾಗದದ ಮೇಲಂತೂ ಸಾಧ್ಯ. ಸಿಂಪಡಣೆಯ ದಾರಿಗಿಂತ ಈ ದಾರಿಯ ಮೇಲೆ ನನಗೆ ಭರವಸೆ ಹೆಚ್ಚು.

ಒಂದು ಅಡಚಣೆ ಮಾತ್ರ ಪ್ರಯೋಗಾಲಯದಲ್ಲಿ ಕಾಣುವುದಿಲ್ಲ. ಹಿಂಗಾರಿ ಸುಗ್ಗಿಯಲ್ಲಿ ಹಲವು ಕಡೆ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬುಡ ಹಿಡಿದು ಬೇರು ಸಮೇತ ಕೀಳುತ್ತಾರೆ. ಹಳದಿ ಹನಿ ಹೊತ್ತ ಬೇರಿನ ಎಷ್ಟು ಭಾಗ ಮಣ್ಣಲ್ಲಿ ಉಳಿಯಿತು, ಎಷ್ಟು ಕಣಕ್ಕೆ ಹೋಯಿತು ಎಂಬುದರ ಮೇಲೆ ಮುಂದಿನ ಹಂಗಾಮಿನ ಕಳೆಯ ಲೆಕ್ಕ ಬದಲಾಗಬಹುದು. ಜೋಳದ ನಂತರದ ಕಳೆಯ ಮೇಲೆ ಪ್ರಯೋಗ ನಡೆಸುವವರಲ್ಲಿ ಒಂದು ಕೋರಿಕೆ: ತಳಿ, ಗೊಬ್ಬರ, ಮಳೆಯ ವಿವರಗಳ ಜೊತೆಗೆ ವರದಿಯಲ್ಲಿ ಇನ್ನೊಂದು ಸಾಲನ್ನೂ ತಪ್ಪದೆ ಬರೆಯಿರಿ, ಜೋಳವನ್ನು ಕೊಯ್ದಿರೋ, ಕಿತ್ತಿರೋ.